ಕಾಲುವೆಯ ಮೇಲಿನ ಅಪವಾದ

ನಮ್ಮ ದೊಡ್ಡವ್ವ ಸತ್ತ ಹನ್ನೊಂದನೆಯ ದಿನ, ಎಡೆ ಇಟ್ಟು ನೆಂಟರೆಲ್ಲ ಉಂಡು ಎದ್ದ ಮೇಲೆ, ಅಜ್ಜಿ ಜಗುಲಿಯ ಮೇಲೆ ಕೂತು ನಮ್ಮನ್ನು ಕರೆದಳು. ಕಣ್ಣಲ್ಲಿ ನೀರಿರಲಿಲ್ಲ. "ಸುಮ್ಕಿದ್ದ ಗಂಟ ಕೆಣಕ್ಬುಟ್ರಿ ಕಣ್ರಪ್ಪಾ. ಎದೆ ಕುಯ್ಸಿದ್ರಿ, ಕಂಕುಳ ಬಗೆಸಿದ್ರಿ. ಅದು ದಾರಿ ಹಿಡ್ಕಂಡು ತಲೆಗೇರ್ಬುಡ್ತು. ರುಜು ಹಾಕ್ದೋರು ಯಾರು?" ಎಂದಳು.

ರುಜು ಹಾಕಿದವರು ನಾವು. ಆ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದದ್ದು ನಮಗೊಬ್ಬರಿಗೇ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿತ್ತು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ನಾವು ಹೆಸರು ಬರೆದೆವು. ತಲೆಮಾರುಗಳಲ್ಲಿ ಮೊದಲ ಬಾರಿಗೆ ನಮ್ಮ ಮನೆಯವರೊಬ್ಬರು ಡಿಗ್ರಿ ಪಡೆದದ್ದಕ್ಕೆ ಸಿಕ್ಕ ಮೊದಲ ಅಧಿಕಾರ ಅದು. ನಮ್ಮವರ ಮೈಯನ್ನು ಕುಯ್ಯಲು ಒಪ್ಪಿಗೆ ಕೊಡುವ ಅಧಿಕಾರ.

ಅಜ್ಜಿಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬಹುದಿತ್ತು. ನಾಲ್ಕು ಪುಸ್ತಕ ಓದಿದವರಿಗೆ ಅದು ಬಹಳ ಸುಲಭ. ನಾವು ಹಾಗೆ ಮಾಡಲಿಲ್ಲ. ಯಾಕೆಂದರೆ ಅಜ್ಜಿ ಕೇಳಿದ್ದು ವೈದ್ಯದ ಪ್ರಶ್ನೆ ಮಾತ್ರ ಆಗಿರಲಿಲ್ಲ. ಒಂದು ಕಡೆ ಹುಟ್ಟಿದ ಕೇಡು ಇನ್ನೊಂದು ಕಡೆಗೆ ಹೋದಾಗ ತಪ್ಪು ಯಾರದು? ಕೇಡಿನದೋ, ಅದು ಹಾದುಹೋದ ದಾರಿಯದೋ, ಆ ದಾರಿಗೆ ಕೈಯಿಟ್ಟವರದೋ? ಇದು ನ್ಯಾಯದ ಪ್ರಶ್ನೆ. ದೊಡ್ಡ ದೊಡ್ಡ ಡಾಕ್ಟರುಗಳೇ ನೂರು ವರ್ಷ ಈ ಪ್ರಶ್ನೆಗೆ ತಪ್ಪು ತೀರ್ಪು ಕೊಟ್ಟುಕೊಂಡು ಬಂದಿದ್ದಾರೆ ಎಂಬುದು ಆಮೇಲೆ ಓದಿದಾಗ ನಮಗೆ ತಿಳಿಯಿತು.

ನಡೆದದ್ದು ಇಷ್ಟು. 2019ರಲ್ಲಿ ದೊಡ್ಡವ್ವನ ಎಡ ಮೊಲೆಯಲ್ಲಿ ಕಡಲೆಕಾಯಿಯಷ್ಟು ಗಂಟು ಕಂಡಿತು. ನೋವಿರಲಿಲ್ಲ. ನೋವಿಲ್ಲದ್ದನ್ನು ಯಾರಿಗೆ ಹೇಳುವುದು ಎಂದು ಸುಮ್ಮನಾದಳು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಎದೆಯನ್ನು ಯಾರಿಗೆ ತೋರಿಸುವುದು? ಎರಡು ವರ್ಷ ಆ ಗಂಟನ್ನು ಸೆರಗಿನಡಿ ಇಟ್ಟುಕೊಂಡು ಕಳೆ ಕಿತ್ತಳು, ರಾಗಿ ಕುಯ್ದಳು. 2021ರಲ್ಲಿ ಕಂಕುಳಲ್ಲೂ ಗಂಟು ಬಂತು. ಆಗ ಆಪರೇಷನ್ ಆಯಿತು. ಕೀಮೋ ಆಯಿತು. ಎಡಗೈ ಬಾತುಕೊಂಡು ಬಳೆ ಏರದಂತಾಯಿತು. 2022ರ ಕೊನೆಗೆ ಬೆಳಗಾಗೆದ್ದರೆ ತಲೆನೋವು, ವಾಂತಿ. ಒಂದು ದಿನ ಕೈಯಲ್ಲಿದ್ದ ಚೆಂಬು ತಾನಾಗಿ ಜಾರಿ ಬಿತ್ತು. ಸ್ಕ್ಯಾನ್ ಮಾಡಿದರು. ಮೆದುಳಲ್ಲಿ ಮೂರು ಕಡೆ. 2023ರಲ್ಲಿ ಹೋದಳು.

*

ಕಂಕುಳ ಗಂಟು ಎಂದರೆ ಏನು? ಮೊದಲು ಇದನ್ನು ಬಿಡಿಸಬೇಕು.

ನಮ್ಮ ತಾತ ನೀರುಗಂಟಿ. ಹಳೇ ಮೈಸೂರಿನ ಅನೇಕ ಕೆರೆಯೂರುಗಳಲ್ಲಿ ಈ ಕೆಲಸ ನಮ್ಮ ಕೇರಿಯವರದೇ. ತೂಬು ಎತ್ತುವುದು, ಕಾಲುವೆ ಹೂಳು ತೆಗೆಯುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು, ಹೆಚ್ಚಾದದ್ದನ್ನು ಹಳ್ಳಕ್ಕೆ ಬಿಡುವುದು. ಬೆಳೆ ಬಂದರೆ ಗೌಡರ ಪುಣ್ಯ. ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆತರೆ ನೀರುಗಂಟಿಗೆ ಬೈಗುಳ.

ಮೈಯೊಳಗೂ ಒಬ್ಬ ನೀರುಗಂಟಿ ಇದ್ದಾನೆ. ರಕ್ತ ಹೃದಯದಿಂದ ಹೊರಟು ಕೂದಲೆಳೆಗಿಂತ ಸಣ್ಣ ನಾಳಗಳಿಗೆ ಬಂದಾಗ ಅದರ ನೀರು ಸ್ವಲ್ಪ ಸ್ವಲ್ಪವಾಗಿ ಹೊರಗೆ ಸೋರುತ್ತದೆ. ಮಾಂಸಕ್ಕೆ ಅನ್ನ ಮುಟ್ಟುವುದು ಆ ನೀರಿನ ಮೂಲಕ. ಬಹುಪಾಲು ರಕ್ತಕ್ಕೇ ಹಿಂದಿರುಗುತ್ತದೆ. ಆದರೂ ದಿನಕ್ಕೆ ಕೆಲವು ಲೀಟರ್ ಹೊರಗೇ ಉಳಿದುಬಿಡುತ್ತದೆ. ಅದನ್ನು ಎತ್ತಿಕೊಂಡು ಬರಲು ಬೇರೆಯೇ ಕಾಲುವೆಗಳಿವೆ. ಶಾಲೆಯ ಪುಸ್ತಕದಲ್ಲಿ ಅದರ ಹೆಸರು ದುಗ್ಧರಸ. ಡಾಕ್ಟರು ಅನ್ನುವುದು ಲಿಂಫ್. ಈ ಕಾಲುವೆಗಳೆಲ್ಲ ಸೇರಿ ಕತ್ತಿನ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ನೀರನ್ನು ಹಿಂದಕ್ಕೆ ಸುರಿಯುತ್ತವೆ. ಹುಳು ಸೇರಿ ಈ ಕಾಲುವೆ ಕಟ್ಟಿಕೊಂಡರೆ ಆನೆಕಾಲು. ಆಪರೇಷನ್ನಿನಲ್ಲಿ ಗಂಟು ತೆಗೆದು ದಾರಿ ಕಡಿದರೆ ದೊಡ್ಡವ್ವನ ಬಾತ ಕೈ.

ದಾರಿಯಲ್ಲಿ ಅಲ್ಲಲ್ಲಿ ಕಾವಲು ಇದೆ. ಕತ್ತು, ಕಂಕುಳು, ತೊಡೆಸಂದಿ, ಹೊಟ್ಟೆಯ ಒಳಗೆ, ಒಟ್ಟು ಸುಮಾರು 600 ಗಂಟುಗಳು. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟುವುದು ನಮಗೆಲ್ಲ ಗೊತ್ತು. ಕೀವು ಕಾಲಲ್ಲಿ, ಗೆಡ್ಡೆ ಸಂದಿಯಲ್ಲಿ. ಯಾಕೆ? ಅಲ್ಲಿಗೆ ಸುದ್ದಿ ಬಂದಿದೆ. ಗಾಯದ ಜಾಗದಿಂದ ಕೆಲವು ಕಣಗಳು ಶತ್ರುವಿನ ಒಂದು ಚೂರನ್ನು ಹೊತ್ತುಕೊಂಡು ಈ ಕಾಲುವೆಯಲ್ಲಿ ನಡೆದು ಗಂಟಿಗೆ ಬಂದು ತೋರಿಸುತ್ತವೆ. ಅದನ್ನು ಗುರುತಿಸಬಲ್ಲ ಬಿಳಿಕಣ ಅಲ್ಲಿದ್ದರೆ ಅದು ಒಂದು ಹತ್ತಾಗಿ, ಹತ್ತು ಸಾವಿರವಾಗಿ ಹೊರಡುತ್ತದೆ. ಹಿಂದೆ ಊರಲ್ಲಿ ಸಾವಾದರೆ ಪಕ್ಕದೂರಿನ ನೆಂಟರಿಗೆ ಸುದ್ದಿ ಮುಟ್ಟಿಸಲು ರಾತ್ರಿಯಲ್ಲಿ ನಡೆದು ಹೋಗುತ್ತಿದ್ದವರು ನಮ್ಮ ಹಿರಿಯರು. ಕೊಳೆ ನೀರು ಹೊರುವವನೂ ಸುದ್ದಿ ಹೊರುವವನೂ ಒಬ್ಬನೇ. ಮೈಯಲ್ಲೂ ಹಾಗೇ.

*

ಈಗ ಅಪವಾದದ ಮಾತಿಗೆ ಬರೋಣ.

ಮೊಲೆಯ ಕ್ಯಾನ್ಸರಿನವರ ಕಂಕುಳಲ್ಲಿ ಗಂಟು ಇರುತ್ತದೆ ಎಂಬುದು ಡಾಕ್ಟರುಗಳಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದ್ದ. ರೋಗ ಮೊಲೆಯಿಂದ ಕಾಲುವೆ ಹಿಡಿದು ಕಂಕುಳಿಗೆ, ಅಲ್ಲಿಂದ ಮುಂದಕ್ಕೆ, ಸಾಲಾಗಿ ಹೋಗುತ್ತದೆ ಎಂದು ಅವನ ನಂಬಿಕೆ. ಹಾಗಾದರೆ ದಾರಿಯನ್ನೇ ಕಿತ್ತರೆ ಆಯಿತಲ್ಲ? ಮೊಲೆ, ಅದರ ಅಡಿಯ ಎದೆಯ ಮಾಂಸಖಂಡ, ಕಂಕುಳ ಗಂಟುಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವ ತನ್ನ ಆಪರೇಷನ್ನಿನ ವರದಿಯನ್ನು ಅವನು 1894ರಲ್ಲಿ ಪ್ರಕಟಿಸಿದ. ಮುಂದೆ ಮುಕ್ಕಾಲು ಶತಮಾನ ಜಗತ್ತಿನ ಲೆಕ್ಕವಿಲ್ಲದಷ್ಟು ಹೆಂಗಸರ ಎದೆಯನ್ನು ಹೀಗೆ ಪಕ್ಕೆಲುಬು ಕಾಣುವಂತೆ ಕುಯ್ದರು. ಕೈ ಬಾತವು. ಭುಜ ಎತ್ತಲಾಗದೆ ಹೋಯಿತು. ಇಷ್ಟಾದರೂ ಬದುಕದೆ ಹೋದರೆ, ಇನ್ನೂ ಆಳಕ್ಕೆ ಕುಯ್ಯಬೇಕಿತ್ತು ಅಂದರು.

ಇದು ಸರಿಯೇ ಎಂದು ಕೇಳಲು ಬಹಳ ಕಾಲ ಬೇಕಾಯಿತು. ಬರ್ನಾರ್ಡ್ ಫಿಷರ್ ಎಂಬ ಡಾಕ್ಟರು 1971ರಲ್ಲಿ 1,600ಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ಪರೀಕ್ಷೆ ಶುರುಮಾಡಿದರು. ಕೆಲವರಿಗೆ ಹಾಲ್‌ಸ್ಟೆಡ್‌ನ ದೊಡ್ಡ ಆಪರೇಷನ್. ಇನ್ನು ಕೆಲವರಿಗೆ ಮಾಂಸಖಂಡ ಕಂಕುಳು ಮುಟ್ಟದೆ ಮೊಲೆ ಮಾತ್ರ ತೆಗೆದರು. 25 ವರ್ಷ ಹಿಂಬಾಲಿಸಿ 2002ರಲ್ಲಿ ಲೆಕ್ಕ ಒಪ್ಪಿಸಿದರು. ಬದುಕಿ ಉಳಿದವರ ಲೆಕ್ಕದಲ್ಲಿ ಗಣನೆಗೆ ಬರುವ ವ್ಯತ್ಯಾಸ ಇರಲಿಲ್ಲ. ಈಗ ಮೊದಲು ಒಂದೆರಡು ಕಾವಲು ಗಂಟುಗಳನ್ನು ತೆಗೆದು ನೋಡುತ್ತಾರೆ. ಮೊಲೆ ಉಳಿಸಿ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಡುವ ಹೆಂಗಸರಲ್ಲಿ ಒಂದೆರಡು ಗಂಟಿನಲ್ಲಿ ರೋಗ ಕಂಡರೂ ಉಳಿದ ಗಂಟುಗಳನ್ನೆಲ್ಲ ಬಗೆಯಬೇಕಿಲ್ಲ ಎಂದು 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ತೋರಿಸಿತು. ದೊಡ್ಡವ್ವ ಹೋದಾಗ ಅವಳ ಗಂಟುಗಳು ಒಂದೆರಡನ್ನು ದಾಟಿದ್ದವು. ಅವಳಿಗೆ ಆ ರಿಯಾಯಿತಿ ಸಿಗಲಿಲ್ಲ.

ಕಳ್ಳ ಊರಬಾಗಿಲಲ್ಲಿ ಹಾದುಹೋದ ಎಂದು ಬಾಗಿಲು ಕಾಯುವವನ ಕೈ ಕಡಿದರೆ ಕಳ್ಳತನ ನಿಲ್ಲುತ್ತದೆಯೇ? ಹಾಲ್‌ಸ್ಟೆಡ್ ಕೆಟ್ಟವನಲ್ಲ. ಬದುಕಿಸಬೇಕೆಂದೇ ಕುಯ್ದವನು. ಆದರೆ ಗುರುತು ಕಂಡಲ್ಲೇ ಅಪರಾಧ ಇದೆ ಅಂದುಕೊಂಡ. ಈ ತಪ್ಪು ನಮ್ಮ ಕೇರಿಗೆ ಚೆನ್ನಾಗಿ ಗೊತ್ತು. ಸತ್ತ ದನ ಎಳೆದವನ ಮೈಯಲ್ಲಿ ನಾತ ಇದೆ, ಆದ್ದರಿಂದ ನಾತಕ್ಕೆ ಕಾರಣ ಅವನೇ ಎಂದು ತೀರ್ಮಾನಿಸಿದ ಊರಲ್ಲಿ ನಾವು ಹುಟ್ಟಿದ್ದೇವೆ.

*

ಹಾಗಾದರೆ ತಲೆಗೆ ಹೋದದ್ದು ಹೇಗೆ?

ಕಂಕುಳಿಂದ ಮೆದುಳಿನೊಳಕ್ಕೆ ನೇರವಾಗಿ ಹೋಗುವ ಲಿಂಫ್ ಕಾಲುವೆ ಇಲ್ಲ. ಮೆದುಳಿನ ಮಾಂಸದೊಳಗೆ ಅಂಥ ಕಾಲುವೆಗಳೇ ಇಲ್ಲ. ಅಲ್ಲಿಗೆ ಹೋಗುವ ಕ್ಯಾನ್ಸರ್ ಕಣ ರಕ್ತದ ಬಂಡಿ ಹತ್ತಿಯೇ ಹೋಗಬೇಕು. ಗಡ್ಡೆಯಿಂದ ಕಳಚಿದ ಕಣ ಅಲ್ಲೇ ಪಕ್ಕದ ರಕ್ತನಾಳ ಹೊಕ್ಕು ಹೊರಡಬಹುದು. ಇಲ್ಲವೇ ಕಾಲುವೆ ಹಿಡಿದು ಗಂಟು ದಾಟಿ, ಕತ್ತಿನ ಬುಡದಲ್ಲಿ ರಕ್ತಕ್ಕೆ ಬಿದ್ದು, ಹೃದಯ, ಶ್ವಾಸಕೋಶ, ಮತ್ತೆ ಹೃದಯ, ಅಲ್ಲಿಂದ ತಲೆ, ಹೀಗೆ ಸುತ್ತಿ ಹೋಗಬಹುದು. 2018ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಮೂರನೆಯ ದಾರಿ ತೋರಿಸಿದವು. ಗಂಟಿನಲ್ಲಿ ಕೂತ ಕಣ ಗಂಟಿನದೇ ರಕ್ತನಾಳ ಹೊಕ್ಕು ಹೊರಟುಬಿಡಬಲ್ಲದು.

ಹಾಗಾದರೆ ಕಾಲುವೆ ಪೂರಾ ನಿರಪರಾಧಿ ಎನ್ನಲಾಗದು. ಆದರೆ ಅದೊಂದೇ ದಾರಿಯೂ ಅಲ್ಲ. 2017ರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ 17 ರೋಗಿಗಳ ಗಡ್ಡೆಗಳ ವಂಶಾವಳಿಯನ್ನು ಬಿಡಿಸಿ ನೋಡಿದಾಗ, 100ಕ್ಕೆ 65ರಷ್ಟು ಪ್ರಕರಣಗಳಲ್ಲಿ ಗಂಟಿಗೆ ಹೋದ ಕಣಗಳೂ ದೂರದ ಅಂಗಕ್ಕೆ ಹೋದ ಕಣಗಳೂ ಮೂಲ ಗಡ್ಡೆಯ ಬೇರೆ ಬೇರೆ ಕವಲಿನವು ಎಂದು ಕಂಡಿತು. ಉಳಿದ 35ರಲ್ಲಿ ಎರಡೂ ಒಂದೇ ಕವಲಿನವು. ಅಂದರೆ ಗಂಟಿನಲ್ಲಿ ರೋಗ ಇದೆ ಎನ್ನುವುದು ಬಹಳ ಸಲ ಒಂದು ಸುದ್ದಿ. ಮೂಲದ ಗಡ್ಡೆ ತಿರುಗಾಡಲು ಕಲಿತಿದೆ ಎಂಬ ಸುದ್ದಿ.

ಹೊರಟದ್ದೆಲ್ಲ ಮೊಳೆಯುವುದೂ ಇಲ್ಲ. 1889ರಲ್ಲಿ ಸ್ಟೀಫನ್ ಪೇಜೆಟ್ ಎಂಬ ಇಂಗ್ಲಿಷ್ ಸರ್ಜನ್ ಮೊಲೆಯ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆ ಓದಿ ಒಂದು ರೈತನ ಮಾತು ಹೇಳಿದ. ಬೀಜ ಎಲ್ಲ ಕಡೆಗೂ ಹಾರುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಬೇರು ಬಿಡುತ್ತದೆ. ಇದನ್ನು ನಮ್ಮಜ್ಜಿಗೆ ಯಾರೂ ಕಲಿಸಬೇಕಾಗಿಲ್ಲ. ತಲೆಯಲ್ಲಿ ಮೊಳೆತ ಬೀಜ ಕತ್ತರಿಗಿಂತ ಮೊದಲೇ ಹಾರಿರುವುದೇ ಸಾಮಾನ್ಯ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ವರ್ಷಗಟ್ಟಲೆ ಕೂತು ಆಮೇಲೆ ಎದ್ದಿರುತ್ತದೆ. ಕತ್ತರಿ ಬಿದ್ದ ಮೇಲೆ ತಲೆಯಲ್ಲಿ ಕಂಡಿತು, ಆದ್ದರಿಂದ ಕತ್ತರಿಯಿಂದಲೇ ಬಂತು ಎಂಬುದು ಹಾಲ್‌ಸ್ಟೆಡ್‌ನ ತಪ್ಪೇ, ಬೇರೆ ಬಾಯಲ್ಲಿ.

*

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡಿತು. ಮೆದುಳಿಗೆ ಹೋದ ಕ್ಯಾನ್ಸರ್ ಅಷ್ಟು ಮೊಂಡು ಯಾಕೆ?

ಮೆದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ರಕ್ತದಲ್ಲಿರುವುದನ್ನೆಲ್ಲ ಅದು ಒಳಗೆ ಬಿಡುವುದಿಲ್ಲ. ವಿಷ ಒಳಗೆ ಬಾರದಿರಲಿ ಎಂದು ಕಟ್ಟಿದ ಗೋಡೆ. ಆದರೆ ಕ್ಯಾನ್ಸರ್ ಕಣ ಹೇಗೋ ನುಸುಳಿದ ಮೇಲೆ ಅದೇ ಗೋಡೆ ಎಷ್ಟೋ ಔಷಧಿಗಳನ್ನು ಹೊರಗೇ ನಿಲ್ಲಿಸುತ್ತದೆ. ಮೈಯ ಬೇರೆ ಕಡೆ ಗಡ್ಡೆ ಕರಗಿಸಿದ ಔಷಧಿ ತಲೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತದೆ. ಗೋಡೆ ದಾಟಬಲ್ಲ ಕೆಲವು ಔಷಧಿಗಳು ಈಚೆಗೆ ಬಂದಿವೆ. ಅವು ದೊಡ್ಡವ್ವನಂಥವರ ಹಳ್ಳಿಗೆ ಬಂದಿಲ್ಲ.

ಇದಕ್ಕೂ ಹಿಂದಿನ ಕಥೆ ಒಂದಿದೆ. 1921ರಲ್ಲಿ ಜಪಾನಿನ ಶಿರಾಯಿ ಎಂಬಾತ ಒಂದು ಜಾತಿಯ ದೊಡ್ಡ ಇಲಿಯ ಗಡ್ಡೆಯನ್ನು ಸಣ್ಣ ಇಲಿಯ ಚರ್ಮದಡಿ ಇಟ್ಟರೆ ಅದು ಬೆಳೆಯದೆ, ಮೆದುಳಲ್ಲಿಟ್ಟರೆ ಸೊಂಪಾಗಿ ಬೆಳೆಯಿತೆಂದು ತೋರಿಸಿದ. 1923ರಲ್ಲಿ ಮರ್ಫಿ ಮತ್ತು ಸ್ಟರ್ಮ್ ಆ ಗಡ್ಡೆಯ ಜೊತೆಗೆ ಅದೇ ಇಲಿಯ ಗುಲ್ಮದ ಒಂದು ಚೂರನ್ನೂ ಮೆದುಳಲ್ಲಿಟ್ಟರು. ಗುಲ್ಮ ಕಾವಲುಕಣಗಳ ಮನೆ. ಆಗ ಗಡ್ಡೆ ಬೆಳೆಯಲಿಲ್ಲ. 1948ರಲ್ಲಿ ಪೀಟರ್ ಮೆಡಾವರ್ ಮೊಲಗಳ ಮೆದುಳಲ್ಲಿ ಬೇರೆ ಮೊಲದ ಚರ್ಮದ ಚೂರುಗಳನ್ನಿಟ್ಟು ನೋಡಿದ. ಅವು ಉಳಿದುಕೊಂಡವು. ಆದರೆ ಅದೇ ಮೊಲದ ಚರ್ಮವನ್ನು ಮೊದಲೇ ಮೈಯ ಬೇರೆ ಕಡೆ ಹಚ್ಚಿ ಗುರುತು ಮಾಡಿಸಿದ್ದರೆ ಮೆದುಳಿನದೂ ನಾಶವಾಯಿತು. ಅಂದರೆ ಕಾವಲಿನವರಿಗೆ ಮೆದುಳಿಗೆ ಹೋಗುವ ಶಕ್ತಿ ಇಲ್ಲದೆ ಇರಲಿಲ್ಲ. ಸುದ್ದಿ ಮುಟ್ಟುತ್ತಿರಲಿಲ್ಲ, ಅಷ್ಟೆ.

ಆದರೆ ಪುಸ್ತಕಗಳಲ್ಲಿ ಉಳಿದದ್ದು ಬೇರೆ ಮಾತು. ಮೆದುಳು ವಿಶೇಷ ಹಕ್ಕಿನ ಜಾಗ, ಅದಕ್ಕೂ ಮೈಯ ಚರಂಡಿಗೂ ಸಂಬಂಧ ಇಲ್ಲ ಎಂದು ಬರೆದರು. ಇಟಲಿಯ ಸಿಯೆನಾದಲ್ಲಿ ಪಾವೊಲೊ ಮಸ್ಕಾನಿ ಎಂಬ ವಿದ್ವಾಂಸ ಕಾಲುವೆಗಳಿಗೆ ಪಾದರಸ ತುಂಬಿ ಮೈಯಿಡೀ ಅವುಗಳ ನಕ್ಷೆ ಬರೆದ. ಮೆದುಳ ಮೇಲಿನ ಪೊರೆಯಲ್ಲೂ ಅವು ಇವೆ ಎಂದು 1787ರಲ್ಲೇ ಹೇಳಿದ. ಅವನ ಬೇರೆ ಚಿತ್ರಗಳನ್ನು ಮೆಚ್ಚಿದ ಲೋಕ ಇದನ್ನು ಮಾತ್ರ ಒಪ್ಪಲಿಲ್ಲ. 2015ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಲೂವೊ ಮತ್ತು ಕಿಪ್ನಿಸ್ ಅವರ ತಂಡ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಸ್ಪೆಲುಂಡ್ ಮತ್ತು ಅಲಿಟಾಲೊ ಅವರ ತಂಡ, ಇಲಿಗಳ ಮೆದುಳ ಪೊರೆಯಲ್ಲಿ ಆ ಕಾಲುವೆಗಳನ್ನು ಕಂಡವು. ವರ್ಜೀನಿಯಾದವರು ಮಾಡಿದ್ದು ಸಣ್ಣ ಕೆಲಸ. ಪೊರೆಯನ್ನು ಕಿತ್ತು ನೋಡುವ ಬದಲು ಬುರುಡೆಯ ಜೊತೆಗೇ ಗಟ್ಟಿಮಾಡಿ ಆಮೇಲೆ ಬಿಡಿಸಿದರು. 2017ರಲ್ಲಿ ಮನುಷ್ಯರ ತಲೆಯಲ್ಲೂ ಎಂ.ಆರ್.ಐ.ನಲ್ಲಿ ಅವು ಕಂಡವು. ಅಲ್ಲಿಂದ ನೀರು ಕತ್ತಿನ ಆಳದ ಗಂಟುಗಳಿಗೆ ಇಳಿಯುತ್ತದೆ. 228 ವರ್ಷ ಆ ಕಾಲುವೆಗಳು ಎಲ್ಲರ ತಲೆಯಲ್ಲೂ ಹರಿಯುತ್ತಲೇ ಇದ್ದವು. ಕಂಡೆ ಎಂದವನನ್ನು ನಂಬಿದವರಿರಲಿಲ್ಲ.

ಗೆಳೆಯರೆ, ಇದನ್ನು ಓದುವಾಗ ನಮಗೆ ಪುರುಷಸೂಕ್ತ ನೆನಪಾಗದೆ ಇರುತ್ತದೆಯೇ? ಋಗ್ವೇದದ ಹತ್ತನೆಯ ಮಂಡಲದ ಆ ಸೂಕ್ತ ಒಂದು ಮೈಯನ್ನು ಹಂಚಿ ಬಾಯಿಂದ ಬ್ರಾಹ್ಮಣ, ಕಾಲಿಂದ ಶೂದ್ರ ಅಂದಿತು. ನಮಗೆ ಕಾಲೂ ಸಿಗಲಿಲ್ಲ. ತಲೆ ಶ್ರೇಷ್ಠ, ಶ್ರೇಷ್ಠವಾದದ್ದಕ್ಕೆ ಚರಂಡಿ ಬೇಡ ಎಂಬ ಭಾವನೆ ನಮ್ಮ ದೇಶದ್ದು ಮಾತ್ರವೂ ಅಲ್ಲವೇನೋ ಅನ್ನಿಸುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಇಲಿಯ ತಲೆ ನಮ್ಮ ಪರವಾಗಿ ಸಾಕ್ಷಿ ಹೇಳಲು ಹುಟ್ಟಿದ್ದಲ್ಲ. ಮೆದುಳಿಗೆ ಕಾಲುವೆ ಇಲ್ಲದೆ ಹೋಗಿದ್ದರೂ ಮನುಷ್ಯರು ಸಮಾನರೇ. ಮೈಯ ರಚನೆಯಿಂದ ಸಮಾಜದ ನ್ಯಾಯ ಎಳೆದವರು ಅವರು. ನಾವೂ ಅದನ್ನೇ ಮಾಡಿದರೆ ಸೂಕ್ತವನ್ನು ಮಗುಚಿ ಓದಿದಂತಾಗುತ್ತದೆ, ಅಷ್ಟೆ.

ಇದೇ ಎಚ್ಚರ ನಮ್ಮ ಪದ್ಯಕ್ಕೂ ಬೇಕು. ಜಾತಿಯನ್ನು ಕ್ಯಾನ್ಸರ್ ಎಂದು ನಾವು ಎಷ್ಟು ಸಲ ಬರೆದಿಲ್ಲ! ದೊಡ್ಡವ್ವನ ಹಾಸಿಗೆ ಪಕ್ಕ ಕೂತ ಮೇಲೆ ಆ ಸಾಲು ಬರೆಯಲು ಕೈ ಬರಲಿಲ್ಲ. ಕ್ಯಾನ್ಸರಿಗೆ ಮನಸ್ಸಿಲ್ಲ. ಅದು ಯಾರನ್ನೂ ಹೀನಾಯ ಮಾಡಬೇಕೆಂದು ಬೆಳೆಯುವುದಿಲ್ಲ. ಜಾತಿಗೆ ಮನಸ್ಸಿದೆ, ಅದನ್ನು ಮಾಡುವವರಿದ್ದಾರೆ. ರೋಗ ಎಂದುಬಿಟ್ಟರೆ ಮಾಡುವವನು ತಪ್ಪಿಸಿಕೊಳ್ಳುತ್ತಾನೆ. ಇತ್ತ ರೋಗದಲ್ಲಿ ಮಲಗಿದವಳ ಮೇಲೆ ಯಾರದೋ ಪಾಪದ ನೆರಳು ಬೀಳುತ್ತದೆ. ಕಾಯಿಲೆಯನ್ನು ಉಪಮೆ ಮಾಡಿದರೆ ಕಾಯಿಲೆಯವರಿಗೆ ಕೇಡು ಎಂದು ಸೂಸನ್ ಸೊಂಟಾಗ್ 1978ರಲ್ಲೇ ಒಂದು ಪುಸ್ತಕ ಬರೆದಳು. ತನಗೇ ಮೊಲೆಯ ಕ್ಯಾನ್ಸರ್ ಆಗಿತ್ತು ಆಕೆಗೆ.

*

ತಲೆಯ ಕಾಲುವೆ ಸಿಕ್ಕ ಮೇಲೆ ಮೊದಲು ಎದ್ದದ್ದು ಹಳೆಯ ಅನುಮಾನವೇ. ಇದರಿಂದ ಕೇಡು ಹರಡುತ್ತದೆಯೇ? 2020ರಲ್ಲಿ ಒಂದು ತಂಡ ಇಲಿಗಳ ತಲೆಯಲ್ಲಿ ಮೆದುಳಿನದೇ ಗಡ್ಡೆಯನ್ನೂ ಚರ್ಮದ ಕಪ್ಪು ಕ್ಯಾನ್ಸರಿನ ಕಣಗಳನ್ನೂ ಬೆಳೆಸಿ, ಪೊರೆಯ ಮೇಲ್ಭಾಗದ ಕಾಲುವೆಗಳನ್ನು ಹಾಳುಮಾಡಿ ನೋಡಿತು. ಕತ್ತಿನ ಗಂಟಿಗೆ ಇಳಿಯುವ ಕ್ಯಾನ್ಸರ್ ಕಣಗಳು ಕಡಿಮೆಯಾದವು. ಸರಿ, ಅನುಮಾನ ನಿಜ. ಆದರೆ ಸುದ್ದಿ ಹೊರುವ ಕಣಗಳೂ ಕತ್ತಿಗೆ ಮುಟ್ಟುವುದು ಕಡಿಮೆಯಾಯಿತು. ಕಾವಲುಕಣಗಳನ್ನು ಎಚ್ಚರಿಸುವ ಔಷಧಿ ಕೊಟ್ಟರೆ ಅದು ಸರಿಯಾಗಿ ಹಿಡಿಯಲಿಲ್ಲ. ಕಾಲುವೆ ಬೆಳೆಸುವ ಒಂದು ಪದಾರ್ಥವನ್ನು ಹೆಚ್ಚಿಸಿದಾಗ ಅದೇ ಔಷಧಿ ಚೆನ್ನಾಗಿ ಕೆಲಸ ಮಾಡಿತು. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೂ ಮೆದುಳಿನ ಗಡ್ಡೆಯ ಇಲಿಗಳಲ್ಲಿ ಇಂಥದ್ದನ್ನೇ ಕಂಡಿತು.

ಇದು ಇಲಿಯ ಮಾತು. ಇದನ್ನೇ ಮದ್ದು ಎಂದು ಮಾರುವವರನ್ನು ನಂಬಬೇಡಿ. ಕಾವಲಿನ ಬಗ್ಗೆ ಕುರುಡು ಭಕ್ತಿಯೂ ಬೇಡ. ಗಂಟಿನಲ್ಲಿ ಬೀಡುಬಿಟ್ಟ ಕ್ಯಾನ್ಸರ್ ಅಲ್ಲಿನ ಕಾವಲಿನವರನ್ನೇ ಪಳಗಿಸಿ, ತನ್ನನ್ನು ತನ್ನವರೆಂದು ಒಪ್ಪಿಸಿ, ಮುಂದಿನ ದಾರಿ ಸುಗಮ ಮಾಡಿಕೊಳ್ಳಬಲ್ಲದು ಎಂದು 2022ರಲ್ಲಿ ಇಲಿಗಳಲ್ಲೇ ತೋರಿಸಿದ್ದಾರೆ. ಕಾವಲುಗಾರ ಕೊಳ್ಳಲ್ಪಡಬಹುದು. ನಮ್ಮ ಕಡೆಯವರಿಗೆ ಇದೂ ಹೊಸದಲ್ಲ.

ಆದರೂ ಇದರಲ್ಲಿ ಒಂದು ತಿಳಿವಳಿಕೆ ಇದೆ. ಕೇಡು ಹೋಗುವ ದಾರಿಯೂ ಕೇಡಿನ ಸುದ್ದಿ ಹೋಗುವ ದಾರಿಯೂ ಒಂದೇ. ಕೇಡಿಗೆ ಹೆದರಿ ತೂಬು ಮುಚ್ಚಿದರೆ ಸುದ್ದಿಯೂ ನಿಲ್ಲುತ್ತದೆ. ಕಾಲುವೆಯಲ್ಲಿ ಪಾರ್ಥೇನಿಯಂ ಬೀಜವೂ ತೇಲಿಬರುತ್ತದೆ ಎಂದು ನಮ್ಮ ತಾತ ಒಂದು ದಿನವೂ ತೂಬು ಮುಚ್ಚಿ ಮನೆಗೆ ಬರಲಿಲ್ಲ.

*

ಇಲ್ಲಿಗೆ ಬಂದ ಮೇಲೆ ನಮ್ಮ ತಪ್ಪು ಯಾವುದು ಎಂದು ನಮಗೆ ಕಂಡಿತು. ಅದು ಅಜ್ಜಿ ಹೇಳಿದ್ದಲ್ಲ.

ಸ್ಕ್ಯಾನಿನ ಕಾಗದ ಬಂದಾಗ ಓದಿದವರು ನಾವು. ಮೂರು ಕಡೆ ಎಂದು ಗೊತ್ತಾದದ್ದು ನಮಗೆ. ದೊಡ್ಡವ್ವ ಕೇಳಿದಳು, "ತಲ್ಗೂ ಬಂದದಾ ಮಗಾ?" ನಾವು ಅಂದೆವು, "ಇಲ್ಲ ದೊಡ್ಡವ್ವಾ, ಕಣ್ಣಿನ ನರ ವೀಕಾಗಿದ್ಯಂತೆ." ಮನೆಯವರೆಲ್ಲ ಸೇರಿ ಹಾಗೆ ತೀರ್ಮಾನಿಸಿದ್ದೆವು. ಹೇಳಿದರೆ ಎದೆ ಒಡೆದು ಇವತ್ತೇ ಹೋಗಿಬಿಡುತ್ತಾಳೆ, ಆಸೆ ಇದ್ದರೆ ನಾಲ್ಕು ದಿನ ಉಣ್ಣುತ್ತಾಳೆ ಎಂದು ಮಾವ ಅಂದ. ಅದು ಪ್ರೀತಿಯ ಮಾತೇ. ನಮ್ಮ ಮನೆಗಳಲ್ಲಿ ಸಾವಿನ ಹೆಸರನ್ನು ಸಾಯುವವರ ಮುಂದೆ ತೆಗೆಯುವುದಿಲ್ಲ. ಆ ಪ್ರೀತಿಯನ್ನು ನಾವು ಹೀಗಳೆಯುವುದಿಲ್ಲ.

ಆದರೆ ಅವಳು ಹೆಬ್ಬೆಟ್ಟು ಒತ್ತಿದ ಹೆಂಗಸು. ಕಾಗದ ಓದಲಾಗದ ಅವಳಿಗೂ ಅವಳ ಮೈಗೂ ನಡುವೆ ಇದ್ದ ಒಂದೇ ಕಾಲುವೆ ನಾವು. ಅಕ್ಷರ ಬಲ್ಲವರು ಅಕ್ಷರ ಬಾರದವರಿಗೆ ಏನು ತಿಳಿಯಬೇಕು ಏನು ತಿಳಿಯಬಾರದು ಎಂದು ತೀರ್ಮಾನಿಸಿದ್ದನ್ನು ನಾವು ಕವಿತೆಗಳಲ್ಲಿ ಎಷ್ಟು ಬೈದಿಲ್ಲ! ನಮ್ಮ ಮನೆಯಲ್ಲಿ, ನಮ್ಮ ಕೈಗೆ ಮೊದಲ ಸಲ ಅಕ್ಷರ ಬಂದ ಕೂಡಲೆ, ನಾವೂ ತೂಬು ಮುಚ್ಚಿದೆವು. ಅವಳ ತಲೆಯನ್ನು ವಿಶೇಷ ಹಕ್ಕಿನ ಜಾಗ ಮಾಡಿ ಸುದ್ದಿ ಮುಟ್ಟದಂತೆ ಕಾದೆವು.

ತಿಳಿದಿದ್ದರೆ ಬದುಕುತ್ತಿದ್ದಳೇ? ಇಲ್ಲ. ಆದರೆ ಅವಳಿಗೆ ಮಾಡುವ ಕೆಲಸವಿತ್ತು. ಒಂದು ಮೇಕೆಯನ್ನು ಯಾವುದೋ ಊರಿನವನಿಗೆ ವಾರಕ್ಕೆ ಬಿಟ್ಟಿದ್ದಳು. ಯಾರಿಗೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳು ಸತ್ತ ಒಂದು ತಿಂಗಳಿಗೆ ಆ ಮನುಷ್ಯ ತಾನಾಗಿಯೇ ಮೇಕೆ ಹೊಡೆದುಕೊಂಡು ಬಂದ. ಜೊತೆಗೆ ಎರಡು ಮರಿ. "ಸುದ್ದಿ ಈಗ ತಿಳೀತು ಕಣವ್ವಾ" ಎಂದು ಅಜ್ಜಿಯ ಮುಂದೆ ಅತ್ತ. ಮರಿಗಳು ಯಾರಿಗೆ ಎಂದು ಹೇಳಬೇಕಾದವಳು ಅವಳು. ಅವಳ ಕೊನೆಯ ಮೂರು ತಿಂಗಳು ಅವಳದಾಗಿತ್ತು. ಅದನ್ನು ನಾವು ಅವಳ ಕೈಗೆ ಕೊಡಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಮೈಯೊಳಗೆ ಕೇಡು ಹರಡಿದಾಗ ಅಪರಾಧಿಯನ್ನು ಹುಡುಕುವುದು ವ್ಯರ್ಥ. ಕಾಲುವೆಯಲ್ಲೂ ಕತ್ತರಿಯಲ್ಲೂ ಅವನು ಇಲ್ಲ. ಆದರೆ ಸುದ್ದಿ ನಿಂತ ಕಡೆಯಲ್ಲೆಲ್ಲ ಹೊಣೆಗಾರ ಇದ್ದೇ ಇರುತ್ತಾನೆ. ಕೂಲಿ ಹೋಗುತ್ತದೆಂದು ಗಂಟನ್ನು ಮುಚ್ಚಿಟ್ಟುಕೊಳ್ಳುವಂತೆ ಮಾಡಿದ ಬಾಳಿಗೆ ಹೊಣೆಗಾರರಿದ್ದಾರೆ. ಅವಳ ಭಾಷೆಯಲ್ಲಿಲ್ಲದ ಕಾಗದಕ್ಕೆ ಹೊಣೆಗಾರರಿದ್ದಾರೆ. ಆ ಕಾಗದ ಓದಿಯೂ ಸುಳ್ಳು ಹೇಳಿದ್ದಕ್ಕೆ ನಾವಿದ್ದೇವೆ.

ಇದನ್ನೆಲ್ಲ ಅಜ್ಜಿಗೆ ಒಂದು ಸಂಜೆ ಹೇಳಿದೆವು. ಬೀಜ, ಮಣ್ಣು, ಕಾಲುವೆ, ತೂಬು, ಎಲ್ಲ. ಅಜ್ಜಿ ಕೊನೆವರೆಗೂ ಕೇಳಿದಳು. ಎಲೆಗೆ ಸುಣ್ಣ ಹಚ್ಚುತ್ತಾ, "ಅಂಗಾರೆ ಕತ್ರಿಯಿಂದ ಅಲ್ಲ ಅಂತೀಯ. ಸರಿ ಕಣಪ್ಪ, ಓದ್ದೋನು ನೀನು. ಅವ್ಳು ಕೇಳ್ದಾಗ ಯಾಕ್ ಯೋಳ್ನಿಲ್ಲ?" ಎಂದಳು.

ನಮ್ಮಲ್ಲಿ ಉತ್ತರ ಇರಲಿಲ್ಲ.

ಹೋದ ವಾರ ಕೇರಿಯ ಇನ್ನೊಬ್ಬ ಹೆಂಗಸು ಆಸ್ಪತ್ರೆಯ ಕಾಗದ ಹಿಡಿದುಕೊಂಡು ಬಂದಳು. ಓದಿ ಹೇಳಪ್ಪ ಅಂದಳು. ಜೊತೆಗೆ ಬಂದಿದ್ದ ಮಗ ಅವಳ ಬೆನ್ನ ಹಿಂದಿನಿಂದ ಬೇಡ ಎಂದು ಕಣ್ಸನ್ನೆ ಮಾಡಿದ. ಅವಳನ್ನು ಕೂರಿಸಿ ಕೇಳಿದೆವು, "ಇದ್ದದ್ದು ಇದ್ದಂಗೆ ಹೇಳ್ಲಾ ಅಕ್ಕಾ?" ಹೇಳು ಎಂದಳು. ಅವಳ ಪಕ್ಕ ಕೂತು, ಒಂದೊಂದೇ ಸಾಲು, ಪೂರಾ ಓದಿ ಹೇಳಿದೆವು.